ಊದಗೊಳವಿಯಿಂದ ಫ್ಯಾನಿನ ಒಲಿ ತನಕ



ಹೋದ ದೀಪಾವಳಿಗಿ ಮನಿಗಿ ಸುಣ್ಣ ಹಚ್ಚಿಸೋ ಮುಂದ ಅಟ್ಟದ ಮ್ಯಾಲಿನ ಸಾಮಾನ ಎಲ್ಲಾ ಕೆಳಗ ಇಳಿಸಿದ್ವಿ. ತಾಮ್ರದ ಕೊಡ, ಕಾಲು ಮುರಿದ ತೊಟ್ಟಿಲು, ಹಿತ್ತಾಳಿ ಪಂಪ್ ಸ್ಟೋ, ಅದರ ಹಿಂದ ಗೋಣಿಚೀಲದಾಗ ಸುತ್ತಿಟ್ಟಿದ್ದ ಒಂದು ಫ್ಯಾನಿನ ಒಲಿ. ಸ್ಟೀಲಿನ ಡಬ್ಬಿ ಆಕಾರದ್ದು, ಬುಡಕ್ಕ ಸಣ್ಣ ಫ್ಯಾನು, ಬಾಜೂಕ ಬ್ಯಾಟರಿ ಪೆಟಗಿ. ನನ್ನ ಮಗ ಅದನ್ನ ನೋಡಿ, "ಅವ್ವಾ, ಇದು ಇನ್ನೂ ಅದ ಏನು? ಗುಜರಿಗಿ ಹಾಕೋಣು ತಗಿ" ಅಂದ. ನಾನು ಬ್ಯಾಡ ಅಂದೆ. ಆ ಒಲಿ ತರಿಸಿದ್ದು ನಮ್ಮ ಅತ್ತಿ ಸಲುವಾಗಿ. ಎರಡು ಮಳೆಗಾಲ ಉರೀತು, ಆಮ್ಯಾಲ ಒಂದಿನ ಸುಮ್ಮನ ನಿಂತೇ ಬಿಡ್ತು. ಯಾಕ ನಿಂತು ಅಂತ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಈ ಸಲ ನೋಡೇ ಬಿಡೋಣು ಅಂತ ಕುಂತೆ. ಹಂಗ ಕುಂತಾಗ ಒಲಿಗಿ ಗಾಳಿ ಹಾಕೋ ಇತಿಹಾಸನೇ ಒಂದು ದೊಡ್ಡ ಕಥಿ ಅದ ಅನಸ್ತು. ನಾನು ಓದಿದ್ದು ಪಿಯುಸಿ ತನಕ ಅಷ್ಟ. ಆದ್ರ ಒಲಿ ಮುಂದ ಮೂವತ್ತು ವರ್ಷದ ಮ್ಯಾಲ ಕುಂತೀನಿ. ಓದಿದ್ದು, ನೋಡಿದ್ದು, ಹಿರ್ಯಾರ ಬಾಯಾಗ ಕೇಳಿದ್ದು ಎಲ್ಲಾ ಕೂಡಿಸಿ ಬರೀಲಾಕತ್ತೀನಿ.

ಬಾಯಿ ಗಾಳಿ ಕಾಲ

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡಿ ಒಲಿ ಅಂದ್ರ ತೊಗರಿ ಕಟಗಿ. ಕಲಬುರಗಿ ತೊಗರಿ ಬ್ಯಾಳಿಗಿ 2019ರಾಗ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ತು, ಪೇಪರಿನಾಗ ದೊಡ್ಡದಾಗಿ ಬಂತು. ಬ್ಯಾಳಿ ಪ್ಯಾಟಿಗಿ ಹೋಗ್ತದ, ಕಟಗಿ ಮನ್ಯಾಗ ಉಳೀತದ. ರಾಶಿ ಮುಗೀತಂದ್ರ ಹಿತ್ತಲದಾಗ ತೊಗರಿ ಕಟಗಿ ಬಣಿವಿ ಒಟ್ಟತಿದ್ರು. ಅದು ಮುಗಿಯೋ ತನಕ ಬ್ಯಾರೆ ಕಟಗಿ ಕೊಳ್ಳೋ ಮಾತೇ ಇಲ್ಲ. ತೊಗರಿ ಕಟಗಿ ಚುರುಕಾಗಿ ಹತ್ತತದ, ರೊಟ್ಟಿ ಬಡೀಲಾಕ ಹಂಚು ಜಲ್ದಿ ಕಾಯ್ತದ. ಆದ್ರ ಜಲ್ದಿ ಉರಿದು ಹೋಗ್ತದ. ಒಬ್ಬಾಕಿ ರೊಟ್ಟಿ ಬಡೀಬೇಕು, ಅದೇ ಕೈಲೇ ಕಟಗಿ ಮುಂದ ನೂಕಬೇಕು, ನಡುನಡುವ ಊದಬೇಕು.

ಊದಲಾಕ ಊದಗೊಳವಿ. ಒಂದು ಮೊಳದ ಕಬ್ಬಿಣದ ಕೊಳವಿ, ಬಿದಿರಿಂದೂ ಇರ್ತಿತ್ತು. ಇದು ಒಲಿಗಿ ಗಾಳಿ ಹಾಕೋ ಮೊದಲನೇ ಯಂತ್ರ ಅನ್ರಿ. ಇದರ ಬ್ಯಾಟರಿ ಯಾವುದು? ನಮ್ಮ ಎದಿ. ಮಳಿಗಾಲದಾಗ ಹಸಿ ಕಟಗಿ ಇದ್ರ ಊದಿ ಊದಿ ಕಣ್ಣು ಕೆಂಪಾಗಿ ತಲಿ ತಿರಗತಿತ್ತು. ಮಾಳಗಿ ಮನಿ, ಕಿಟಕಿ ಸಣ್ಣವು, ಹೊಗಿ ಹೋಗಲಾಕ ಮ್ಯಾಲ ಒಂದು ಬೆಳಕಿಂಡಿ ಅಷ್ಟ. ಕಮ್ಮಾರರ ಮನ್ಯಾಗ ಒಲಿಗಿ ಗಾಳಿ ಹಾಕಲಾಕ ತಿದಿ ಇರ್ತಿತ್ತು. ಕಬ್ಬಿಣ ಕಾಸಲಾಕ ತಿದಿ ಬೇಕು ಅಂತ ಎಷ್ಟೋ ನೂರು ವರ್ಷದ ಹಿಂದನೇ ಗಂಡಸರಿಗಿ ತಿಳದಿತ್ತು. ರೊಟ್ಟಿ ಸುಡಲಾಕ ಒಂದು ತಿದಿ ಬೇಕು ಅಂತ ಯಾರಿಗೂ ತಿಳೀಲಿಲ್ಲ ನೋಡ್ರಿ.

ನಮ್ಮ ಅವ್ವನ ತವರು ವಾಡಿ. ಮುಂಬೈಯಿಂದ ರಾಯಚೂರಿಗಿ ಹೋಗೋ ರೈಲು ದಾರಿ 1871ರಾಗ ಮುಗೀತು. ವಾಡಿಯಿಂದ ಸೇಡಂ ಮ್ಯಾಲ ಹಾದು ಸಿಕಂದರಾಬಾದಿಗಿ ಹೋಗೋ ನಿಜಾಮರ ರೈಲು 1874ರಾಗ ಸುರು ಆಯ್ತು. ಹಂಗಾಗಿ ವಾಡಿ ದೊಡ್ಡ ಜಂಕ್ಷನ್. ಉಗಿಬಂಡಿ ಇರೋ ತನಕ ಹಳಿ ಬಾಜೂಕ ಅರ್ಧ ಸುಟ್ಟ ಕಲ್ಲಿದ್ದಲು ಬಿದ್ದಿರ್ತಿತ್ತಂತ. ಹೆಣಮಕ್ಕಳು ಬುಟ್ಟಿ ತುಂಬ ಆರಿಸಿ ತಂದು ಶೇಗಡಿಗಿ ಹಾಕ್ತಿದ್ರು. ಶೇಗಡಿ ಹೊತ್ತಸೋದು ಅಂಗಳದಾಗ. ಬೀಸಣಿಗಿ ತಗೊಂಡು ಬುಡಕ್ಕ ಗಾಳಿ ಬೀಸಿ, ಕೆಂಡ ಕೆಂಪಾಗಿ ಹೊಗಿ ನಿಂತ ಮ್ಯಾಲನೇ ಒಳಗ ತರಬೇಕು. "ಹೊಗಿ ಹೊರಗ ಬಿಟ್ಟು ಬೆಂಕಿ ಒಳಗ ತಾ" ಅಂತ ಅವ್ವ ಹೇಳತಿದ್ಲು. ಆ ಮಾತಿನಾಗ ಎಷ್ಟು ಶಾಣ್ಯಾತನ ಇತ್ತು ಅಂತ ನನಗ ತಿಳದಿದ್ದು ಫ್ಯಾನಿನ ಒಲಿ ಬಿಚ್ಚಿ ನೋಡಿದ ಮ್ಯಾಲ.

ಪಿನ್ನು, ವಾಷರಿನ ಕಾಲ

ಆಮ್ಯಾಲ ಬಂದದ್ದು ಗಾಸ್‌ಲೇಟ್ ಎಣ್ಣಿ ಪಂಪ್ ಸ್ಟೋ. ಸ್ವೀಡನ್ ದೇಶದಾಗ 1892ರಾಗ ಲಿಂಡ್‌ಕ್ವಿಸ್ಟ್ ಅನ್ನೋರು ಇದನ್ನ ಮಾಡಿದ್ರು, ಪ್ರೈಮಸ್ ಅಂತ ಹೆಸರು. ಅಲ್ಲಿಂದ ಇಡೀ ಜಗತ್ತಿಗಿ ಹಬ್ಬಿತು. ನಮ್ಮ ಮನಿಗಿ ಬಂದದ್ದು ಹಿತ್ತಾಳಿದು. ಪಂಪ್ ಹೊಡದಾಗ ಟಾಕಿಯೊಳಗ ಗಾಳಿ ತುಂಬತದ, ಆ ಗಾಳಿ ಎಣ್ಣಿನ ಮ್ಯಾಲ ನೂಕತದ, ಕಾದ ಬರ್ನರಿನಾಗ ಎಣ್ಣಿ ಆವಿ ಆಗಿ ಭುಸ್ ಅಂತ ಉರೀತದ. ಎದಿ ಗಾಳಿ ಹೋಗಿ ಕೈ ಗಾಳಿ ಬಂತು ಅನ್ರಿ.

ಇದು ಕೆಡ್ತಿರಲಿಲ್ಲೇನು? ದಿನಾ ಕೆಡ್ತಿತ್ತು. ತೂತಿನಾಗ ಕಸ ಕುಂತ್ರ ಪಿನ್ ಚುಚ್ಚತಿದ್ವಿ. ಪಂಪಿನ ತೊಗಲಿನ ವಾಷರ್ ಒಣಗಿದ್ರ ಬಿಚ್ಚಿ ಎಣ್ಣಿ ಹಚ್ಚಿ ಅಗಲ ಮಾಡಿ ಹಾಕತಿದ್ವಿ. ಅಕ್ಷರ ಬರದ ನಮ್ಮ ಅತ್ತಿ ಕಣ್ಣು ಮುಚ್ಚಿ ಬರ್ನರ್ ಬಿಚ್ಚಿ ಕೂಡಸತಿದ್ರು. ಪಿನ್ನು, ವಾಷರು ಯಾವ ಕಿರಾಣಿ ದುಕಾನದಾಗೂ ಸಿಗತಿತ್ತು. ದುಕಾನದಾಗ ಸಿಗಲಿಲ್ಲಂದ್ರ ಬಾಜೂ ಮನ್ಯಾಗ ಸಿಗತಿತ್ತು. ಈ ಮಾತು ಜರಾ ನೆನಪಿಡ್ರಿ, ಮುಂದ ಬೇಕಾಗ್ತದ.

ಸರ್ಕಾರದ ಒಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗ 1974ರಾಗ ಅಸ್ತ್ರ ಅನ್ನೋ ವಿಭಾಗ ಸುರು ಆಯ್ತು. ಎ.ಕೆ.ಎನ್. ರೆಡ್ಡಿ ಅವರು ಅದನ್ನ ಕಟ್ಟಿದವರು. ದೊಡ್ಡ ವಿಜ್ಞಾನ ಹಳ್ಳಿ ಮನಿಗಿ ಉಪಯೋಗ ಆಗಬೇಕು ಅನ್ನೋದು ಅವರ ವಿಚಾರ. ಅಲ್ಲಿಂದ ಬಂದದ್ದೇ ಅಸ್ತ್ರ ಒಲಿ. ಮೂರು ಗಡಗಿ ಒಂದೇ ಸಲಕ್ಕ ಇಡಬೌದು, ಹೊಗಿ ಕೊಳವಿ ಹಿಡದು ಮಾಳಗಿ ಮ್ಯಾಲ ಹೋಗ್ತದ. ಕೇಂದ್ರ ಸರ್ಕಾರ 1983ರಾಗ ಸುಧಾರಿತ ಒಲಿ ಕಾರ್ಯಕ್ರಮ ಸುರು ಮಾಡ್ತು, 2002ರ ತನಕ ಅದು ನಡೀತು. ನಮ್ಮ ರಾಜ್ಯದಾಗ ಅಸ್ತ್ರ ಒಲಿ ಈ ಕಾರ್ಯಕ್ರಮದಾಗ ಊರೂರಿಗಿ ಬಂತು.

ಒಲಿ ಛಲೋ ಇತ್ತು. ಆದ್ರ ನಮ್ಮ ಮಾಳಗಿ ಮಣ್ಣಿಂದು. ಕೊಳವಿ ಸಲುವಾಗಿ ತೂತು ಹಾಕಿದ್ರ ಮಳಿಗಾಲದಾಗ ಅಲ್ಲೇ ಸೋರತದ. ಕೊಳವಿಯೊಳಗ ಮಸಿ ಕಟ್ಟಿದ್ರ ಹೊಗಿ ಮ್ಯಾಲ ಹೋಗೋದು ಬಿಟ್ಟು ತಿರಗಿ ಬಾಯಿ ಕಡಿ ಬರ್ತದ. ಮಾಳಗಿ ಮ್ಯಾಲ ಹತ್ತಿ ಮಸಿ ತಗಿಯವರು ಯಾರು? ಗಂಡಸರು ನಾಳಿ ಮಾಡ್ತೀವಿ ಅಂದ್ರು, ಆ ನಾಳಿ ಬರಲಿಲ್ಲ. ಅದೇ ಸಂಸ್ಥೆಯೊಳಗ ಎಚ್.ಎಸ್. ಮುಕುಂದ ಅವರ ಬಳಗದವರು 1980ರ ದಶಕದಾಗ ಸ್ವಸ್ಥಿ ಅನ್ನೋ ಒಂದೇ ಗಡಗಿ ಒಲಿ ಮಾಡಿದ್ರು. ಕಟಗಿ ಎಷ್ಟು ಅನ್ನೋದಕಿಂತ ಗಾಳಿ ಎಲ್ಲಿಂದ ಎಷ್ಟು ಬರ್ತದ ಅನ್ನೋದರ ಮ್ಯಾಲ ಉರಿ ನಿಂತದ ಅಂತ ಅವರು ಲೆಕ್ಕ ಹಾಕಿದ್ರು.

ಗುಳಿಗಿ ಒಲಿ ಹುಟ್ಟಿದ್ದು

ಈಗ ಸಾಗರದ ಆ ಕಡಿ ಹೋಗೋಣು. 1973ರಾಗ ಜಗತ್ತಿಗಿ ಎಣ್ಣಿ ಬಿಕ್ಕಟ್ಟು ಬಂತು. ಅಮೇರಿಕದಾಗ ಚಳಿಗಾಲಕ್ಕ ಮನಿ ಬೆಚ್ಚಗ ಇಡಲಾಕ ಎಣ್ಣಿ ಸುಡೋದು ತುಟ್ಟಿ ಆಯ್ತು. ಕಟಗಿ ಮಿಲ್ಲಿನಾಗ ಹೊಟ್ಟು ಗುಡ್ಡ ಬಿದ್ದಿತ್ತು. ಅದನ್ನ ಒತ್ತಿ ಗುಳಿಗಿ ಮಾಡಿದ್ರು. ಪೆಲೆಟ್ ಅಂತಾರ, ದನಕ್ಕ ಹಾಕೋ ಹಿಂಡಿ ಗುಳಿಗಿ ಹಂಗೇ ಇರ್ತದ. 1980ರ ದಶಕದಾಗ ವಾಷಿಂಗ್ಟನ್ ರಾಜ್ಯದ ಜೆರ್ರಿ ವಿಟ್‌ಫೀಲ್ಡ್ ಅನ್ನೋ ಇಂಜಿನಿಯರ್, ಮೊದಲ ವಿಮಾನ ಕೆಲಸದಾಗ ಇದ್ದವರು, ಮನ್ಯಾಗ ಇಡೋ ಪೆಲೆಟ್ ಒಲಿ ಮಾಡಿದ್ರು.

ಆ ಒಲಿ ಅಡಗಿದಲ್ಲ, ಮನಿ ಕಾಯಿಸೋದು. ಅದರಾಗ ಎಲ್ಲಾ ಕರೆಂಟಿನ ಕಾರಬಾರ. ಗುಳಿಗಿ ನೂಕಲಾಕ ಸುರುಳಿ ಸ್ಕ್ರೂ ತಿರುಗಿಸೋ ಒಂದು ಮೋಟಾರು, ಹೊತ್ತಿಸಲಾಕ ಕಾಯೋ ಕಡ್ಡಿ, ಹೊಗಿ ಹೊರಗ ಎಳೀಲಾಕ ಒಂದು ಫ್ಯಾನು, ಬಿಸಿ ಗಾಳಿ ಕೋಣಿಗಿ ಬಿಡಲಾಕ ಇನ್ನೊಂದು ಫ್ಯಾನು, ಇವೆಲ್ಲಕ್ಕ ಹುಕುಂ ಕೊಡಲಾಕ ಒಂದು ಬೋರ್ಡು. ಕರೆಂಟು ಹೋಯ್ತಂದ್ರ ಗುಳಿಗಿ ತುಂಬಿದ್ರೂ ಒಲಿ ನಿಲ್ತದ. ಹಿಂಗಾಗಿ ಅಲ್ಲಿ ಮಂದಿ ಬ್ಯಾಟರಿ ಬ್ಯಾಕಪ್ ಇಡ್ತಾರ. ನಮ್ಮಲ್ಲಿ ಟಿವಿಗಿ ಇನ್ವರ್ಟರ್ ಇಟ್ಟಂಗ.

ಅಡಗಿ ಒಲಿ ಕಡಿ ಬಂದವರು ಥಾಮಸ್ ರೀಡ್ ಅನ್ನೋ ಅಮೇರಿಕದ ವಿಜ್ಞಾನಿ. 1985ರಾಗ ದಕ್ಷಿಣ ಆಫ್ರಿಕಕ್ಕ ಹೋದಾಗ ಹೆಣಮಕ್ಕಳು ಹೊಗಿಯೊಳಗ ಅಡಗಿ ಮಾಡೋದು ನೋಡಿ ಅವರಿಗಿ ಒಂದು ವಿಚಾರ ಹೊಳೀತು. ಕಟಗಿ ಕಾದಾಗ ಮೊದಲ ಅದರಿಂದ ಗ್ಯಾಸ್ ಬರ್ತದ. ಆ ಗ್ಯಾಸ್ ಉರೀಲಿಲ್ಲಂದ್ರ ಅದೇ ಹೊಗಿ. ಅದಕ್ಕ ಬೆಂಕಿ ಮ್ಯಾಲಿಂದ ಹಚ್ಚಬೇಕು, ಬುಡದಿಂದ ಕಮ್ಮಿ ಗಾಳಿ ಬಿಡಬೇಕು, ಗ್ಯಾಸ್ ಮ್ಯಾಲ ಬಂದಲ್ಲಿ ಮತ್ತೊಂದು ಸಲ ಗಾಳಿ ಕೊಡಬೇಕು. ಆವಾಗ ಹೊಗಿನೇ ಉರಿ ಆಗ್ತದ. ನಮ್ಮ ಅವ್ವ ಹೊಗಿ ಅಂಗಳದಾಗ ಬಿಟ್ಟು ಬರತಿದ್ಲು. ಇವರು ಆ ಹೊಗಿನೇ ಗಡಗಿ ಬುಡಕ್ಕ ಸುಡಲಾಕ ಕಲಿಸಿದ್ರು.

ಗಾಳಿ ಬರೋಬರಿ ಕೊಡಲಾಕ ಫ್ಯಾನು ಬೇಕಾಯ್ತು. 2006ರ ಹೊತ್ತಿಗಿ ಹಾಲೆಂಡಿನ ಫಿಲಿಪ್ಸ್ ಕಂಪನಿ ಒಂದು ಫ್ಯಾನಿನ ಒಲಿ ತೋರಸ್ತು. ಒಲಿ ಕಾವಿನಿಂದನೇ ಸ್ವಲ್ಪ ಕರೆಂಟು ಹುಟ್ಟಿಸಿ ಅದರ ಮ್ಯಾಲನೇ ಫ್ಯಾನು ತಿರುಗಿಸೋ ಉಪಾಯ ಅದರಾಗ ಇತ್ತು. ಅದೇ ಹೊತ್ತಿಗಿ ನಮ್ಮ ವಿಜ್ಞಾನ ಸಂಸ್ಥೆಯ ಮುಕುಂದ ಅವರ ಬಳಗ, ಬ್ರಿಟನ್ನಿನ ಬಿಪಿ ಕಂಪನಿ ಕೂಡ ಸೇರಿ ಊರ್ಜಾ ಅನ್ನೋ ಒಲಿ ತಯಾರ ಮಾಡ್ತು. ಬ್ಯಾಟರಿ ಮ್ಯಾಲ ತಿರಗೋ ಸಣ್ಣ ಫ್ಯಾನು, ಬೆಳಿ ಹೊಟ್ಟು ಸಿಪ್ಪಿ ಒತ್ತಿ ಮಾಡಿದ ಗುಳಿಗಿ. ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡಿನಾಗ ಮಾರಿದ್ರು. ನಮ್ಮ ಗಡಿ ಆಚೆಗಿನ ಲಾತೂರ್, ಸೋಲಾಪುರ ಕಡಿ ಹಳ್ಳಿ ಹೆಣಮಕ್ಕಳೇ ಮನಿ ಮನಿಗಿ ಹೋಗಿ ಒಲಿ, ಗುಳಿಗಿ ಮಾರತಿದ್ರು. 1993ರ ಭೂಕಂಪ ಆದ ಮ್ಯಾಲ ಅಲ್ಲಿ ಬೆಳೆದ ಸ್ವಯಂ ಶಿಕ್ಷಣ ಪ್ರಯೋಗ ಅನ್ನೋ ಹೆಣಮಕ್ಕಳ ಸಂಸ್ಥೆ ಇದರಾಗ ಕೈ ಜೋಡಿಸಿತ್ತು. ಸುಮಾರು 4 ಲಕ್ಷ ಊರ್ಜಾ ಒಲಿ ಮಾರಾಟ ಆದವು. ಇದು ಸಣ್ಣ ಸಂಖ್ಯೆ ಅಲ್ಲರಿ.

2009ರಾಗ ಆ ಕಂಪನಿ ಒಲಿ ವ್ಯವಹಾರ ಬಿಟ್ಟು ಪುಣೆಯ ಫಸ್ಟ್ ಎನರ್ಜಿಗಿ ಒಪ್ಪಿಸ್ತು. ಅಷ್ಟರಾಗ ಹೊಟ್ಟು, ಸಿಪ್ಪಿಗಿ ಕಾರ್ಖಾನಿಯವರೂ ಗಿರಾಕಿ ಆಗಿದ್ರು. ಅವರು ಬಾಯ್ಲರಿಗಿ ಅದನ್ನೇ ಸುಡಲಾಕತ್ತಿದ್ರು. ಕಚ್ಚಾ ಮಾಲು ತುಟ್ಟಿ ಆಯ್ತು, ಗುಳಿಗಿ ದರ ಏರಿತು. ಮನಿ ಒಲಿ ಬಿಟ್ಟು ಹೋಟೆಲ್, ದೊಡ್ಡ ಅಡಗಿ ಮನಿ ಕಡಿ ವ್ಯಾಪಾರ ತಿರಗ್ತು. ಕೇಂದ್ರ ಸರ್ಕಾರ 2009ರ ಡಿಸೆಂಬರಿನಾಗ ಮತ್ತ ಒಂದು ಒಲಿ ಯೋಜನೆ, 2014ರಾಗ ಉನ್ನತ ಚೂಲ್ಹಾ ಅಭಿಯಾನ ಅಂತ ಇನ್ನೊಂದು ತಂತು. 2016ರ ಮೇ 1ಕ್ಕ ಉಜ್ವಲಾ ಬಂದು ಗ್ಯಾಸ್ ಕಡಿ ಎಲ್ಲಾರ ಕಣ್ಣು ಹೋಯ್ತು.

ನಮ್ಮ ಮನಿಗಿ ಬಂದಿದ್ದು

ನಮ್ಮ ಮನ್ಯಾಗಿದ್ದದ್ದು ಊರ್ಜಾ ಅಲ್ಲ. ಅಂಥದ್ದೇ ತತ್ವದ ಮ್ಯಾಲ ಬ್ಯಾರೆ ಯಾರೋ ಮಾಡಿದ ಒಲಿ. 2010ರ ಸುಮಾರಿಗಿ ಕಲಬುರಗಿ ಶರಣಬಸವೇಶ್ವರ ಜಾತ್ರಿಯಾಗ ನಮ್ಮ ಮನಿಯವರು ಒಂದು ಅಂಗಡ್ಯಾಗ ನೋಡಿ ತಂದ್ರು. ಅತ್ತಿಗಿ ಕೆಮ್ಮು ಬಾಳ ಆಗಿತ್ತು. ಡಾಕ್ಟರ್, "ಹೊಗಿಯಿಂದ ದೂರ ಇರ್ರಿ" ಅಂದಿದ್ರು. ಗ್ಯಾಸ್ ಇತ್ತು ಮನ್ಯಾಗ, ಒಂದೇ ಸಿಲಿಂಡರ್. ಅದು ಚಾ, ಪಲ್ಯಕ್ಕ. ರೊಟ್ಟಿ, ನೀರು ಕಾಯ್ಸೋದು, ಬ್ಯಾಳಿ ಬೇಯಸೋದು ಕಟಗಿ ಒಲಿ ಮ್ಯಾಲನೇ. ಅತ್ತಿಗಿ ಕಟಗಿ ಒಲಿ ರೊಟ್ಟಿನೇ ಆಗಬೇಕು, ಅವರೇ ಬಡೀಬೇಕು.

ಮೊದಲನೇ ದಿನ ಗುಳಿಗಿ ತುಂಬಿ, ಮ್ಯಾಲ ಎರಡು ಹನಿ ಎಣ್ಣಿ ಹಾಕಿ ಕಡ್ಡಿ ಗೀರಿ ಫ್ಯಾನು ಚಾಲೂ ಮಾಡಿದ್ವಿ. ಎರಡು ನಿಮಿಷ ಹೊಗಿ ಬಂತು. ಆಮ್ಯಾಲ ಅಂಚಿನ ಸಾಲು ತೂತಿನಿಂದ ನೀಲಿ, ಹಳದಿ ಉರಿ ಎದ್ದು ಹೊಗಿ ಮಾಯ ಆಯ್ತು. ಅತ್ತಿ ಸೆರಗು ಬಾಯಿಗಿ ಹಿಡಕೊಂಡು ಕುಂತಿದ್ರು, ಮೆಲ್ಲಕ ಸೆರಗು ಇಳಿಸಿದ್ರು. "ಇದು ಒಲಿ ಏನ, ಹಡಗಿನ ಇಂಜಿನ್ ಏನವ್ವ" ಅಂತ ನಕ್ಕಿದ್ರು. ಆ ನಗಿ ಇನ್ನೂ ಕಣ್ಣ ಮುಂದ ಅದ.

ಜಾತ್ರಿಯಿಂದ ತಂದ ಗುಳಿಗಿ ಮೂರು ತಿಂಗಳಿಗಿ ಮುಗದ್ವು. ಸೇಡಂ ಪ್ಯಾಟ್ಯಾಗ ಎಲ್ಲೂ ಸಿಗಲಿಲ್ಲ. ಅತ್ತಿನೇ ಉಪಾಯ ಹುಡುಕಿದ್ರು. ಒಣಗಿದ ತೊಗರಿ ಕಟಗಿ ಬಟ್ಟಿನಷ್ಟು ಉದ್ದ ಮುರಿದು ತುಂಬೋದು. ಉರಿ ಗುಳಿಗಿಯಷ್ಟು ಹೊತ್ತು ಇರತಿರಲಿಲ್ಲ, ಆದ್ರ ಎಂಟು ರೊಟ್ಟಿ ಆಗತಿತ್ತು. ಅಂದ್ರ ಕಟಗಿ ತೊಂದ್ರಿ ನಾವು ನೀಗಿಸಿಕೊಂಡ್ವಿ. ನೀಗದ್ದು ಕರೆಂಟಿನ ತೊಂದ್ರಿ.

ಎರಡನೇ ವರ್ಷ ಶ್ರಾವಣದಾಗ ಒಂದಿನ ಮುಂಜಾನಿ ಬಟನ್ ಹಾಕಿದ್ರ ಫ್ಯಾನು ತಿರಗಲಿಲ್ಲ. ರಾತ್ರಿ ಎಲ್ಲಾ ಚಾರ್ಜಿಗಿ ಇಟ್ಟಿದ್ವಿ. ಫ್ಯಾನು ಇಲ್ಲದ ಆ ಒಲಿ ಸಾದಾ ಒಲಿಗಿಂತ ಕೆಟ್ಟ. ಇಕ್ಕಟ್ಟ ಡಬ್ಬಿ, ಗಾಳಿ ಒಳಗ ಬರಲ್ಲ, ಗ್ಯಾಸ್ ಬರ್ತದ ಆದ್ರ ಉರಿಯಲ್ಲ. ಅಡಗಿ ಮನಿ ತುಂಬ ಕರಿ ಹೊಗಿ. ಮಾರಿದವರ ಅಂಗಡಿ ಜಾತ್ರಿ ಮುಗದ ಮ್ಯಾಲ ಎತ್ತಿ ಹೋಗಿತ್ತು. ಕೊಟ್ಟ ನಂಬರಿಗಿ ಫೋನ್ ಹತ್ತಲಿಲ್ಲ. ಊರಿನಾಗ ಒಬ್ಬ ರಿಪೇರಿಯವನು, "ಇಂಥಾದ್ದು ನಾವು ನೋಡಿಲ್ಲ, ಬ್ಯಾಟರಿ ಹೋಗ್ಯಾದ" ಅಂದ. ಬ್ಯಾಟರಿ ತರಲಾಕ ಯಾರಿಗೂ ಪುರಸೊತ್ತು ಆಗಲಿಲ್ಲ. ಒಲಿ ಅಟ್ಟ ಹತ್ತಿತು. ಅತ್ತಿ ಮತ್ತ ಊದಗೊಳವಿ ಹಿಡಿದ್ರು.

ಕೆಟ್ಟದ್ದು ಹುಡುಕಿದ್ದು

ಈಗ ನಾನು ಏನೇನು ಮಾಡಿದೆ ಅಂತ ಒಂದೊಂದಾಗಿ ಹೇಳ್ತೀನಿ. ಫ್ಯಾನಿನ ಒಲಿ ಇದ್ದವರಿಗಿ ಉಪಯೋಗ ಆಗ್ಲಿ. ಒಂದು ಮಾತು ಮೊದಲೇ ಹೇಳ್ತೀನಿ: ಒಲಿ ಪೂರಾ ಆರಿರಬೇಕು, ಚಾರ್ಜರ್ ಗ್ವಾಡಿ ಪ್ಲಗ್ಗಿನಿಂದ ತಗದಿರಬೇಕು. ಚಾರ್ಜರಿನ ಒಳಗ ಮನಿ ಕರೆಂಟು ಇರ್ತದ, ಅದನ್ನ ಮಾತ್ರ ಬಿಚ್ಚಲಾಕ ಹೋಗಬ್ಯಾಡ್ರಿ.

ಮೊದಲ ಗಾಳಿ ದಾರಿ ನೋಡಿದೆ. ಕರೆಂಟಿಂದು ಅನ್ನೋ ತೊಂದ್ರಿ ಬಾಳ ಸಲ ಕಸದ್ದು ಇರ್ತದ. ಫ್ಯಾನಿನ ಜಾಳಗಿಗಿ ಬೂದಿ, ಜೇಡರ ಬಲಿ, ಸೀರಿ ನೂಲು ಮೆತ್ತಿತ್ತು. ಹಳೇ ಹಲ್ಲುಜ್ಜೋ ಬ್ರಷಿನಿಂದ ತಗದೆ. ತೆಳ್ಳನ ಕಡ್ಡೀಲಿ ಫ್ಯಾನಿನ ಎಲಿ ನೂಕಿದ್ರ ಸಲೀಸ ತಿರಗಬೇಕು. ಬಿಗಿ ಇತ್ತು. ಹೊಲಗಿ ಮಷಿನಿನ ಎಣ್ಣಿ ಒಂದು ಹನಿ ಬಿಟ್ಟೆ, ಹಗುರ ಆಯ್ತು. ಎಣ್ಣಿ ಹೆಚ್ಚು ಹಾಕಿದ್ರ ಮತ್ತ ಬೂದಿ ಹಿಡೀತದ, ಒಂದೇ ಹನಿ.

ಎರಡನೇದು ಚಾರ್ಜರ್. ಮೊದಲ ಅದೇ ಪ್ಲಗ್ಗಿಗಿ ಮೊಬೈಲ್ ಚಾರ್ಜರ್ ಹಾಕಿ ಪ್ಲಗ್ಗಿನಾಗ ಕರೆಂಟು ಅದ ಇಲ್ಲ ನೋಡಿದೆ. ಇತ್ತು. ಒಲಿ ಚಾರ್ಜರ್ ಹಾಕಿದ್ರ ಅದರ ಕೆಂಪು ದೀಪನೂ ಹತ್ತಿತು. ಮಗನ ಕಡಿ ಮೀಟರ್ ಇತ್ತು, ಪಿನ್ನಿಗಿ ಹಿಡದು ನೋಡಿದ್ವಿ. ಮ್ಯಾಲ ಬರದಷ್ಟು ವೋಲ್ಟ್ ಬರ್ಲಾಕತ್ತಿತ್ತು. ಅಂದ್ರ ಚಾರ್ಜರ್ ಛಲೋ ಅದ. ನಿಮ್ಮದು ಕೆಟ್ಟಿದ್ರ ಮನ್ಯಾಗ ಬಿದ್ದ ಯಾವುದೋ ಚಾರ್ಜರ್ ಚುಚ್ಚಬ್ಯಾಡ್ರಿ. ಪಿನ್ ಕುಂತ್ರ ಸಾಲಲ್ಲ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಕಮ್ಮಿ ಇರಬಾರದು, ಪ್ಲಸ್ಸು ಮೈನಸ್ಸು ಅದಲಿಬದಲಿ ಆಗಬಾರದು.

ಮೂರನೇದು ಬ್ಯಾಟರಿ. ಎಮರ್ಜೆನ್ಸಿ ಲೈಟಿನಾಗ ಇರ್ತದಲ್ಲ, ಅಂಥಾ ಸೀಲ್ ಆದ ಸೀಸದ ಬ್ಯಾಟರಿ. ಇದಕ್ಕ ಖಾಲಿ ಇಟ್ರ ಆಗಲ್ಲ. ಚಾರ್ಜ್ ಮಾಡದ ತಿಂಗಳಗಟ್ಟಲೆ ಬಿಟ್ರ ಒಳಗಿನ ಸೀಸದ ಹಲಗಿ ಮ್ಯಾಲ ಉಪ್ಪು ಕಟ್ಟಿದಂಗ ಆಗಿ ಮತ್ತ ಚಾರ್ಜ್ ಹಿಡಿಯಲ್ಲ. ನಮ್ಮದು ಇಷ್ಟು ವರ್ಷ ಬಿದ್ದಿತ್ತು, ಉಬ್ಬಿತ್ತು. ಅದು ಸತ್ತಿತ್ತು ಖರೆ. ಅಂಥ ಬ್ಯಾಟರಿ ಒಡೀಬ್ಯಾಡ್ರಿ, ಬೆಂಕಿಗಿ ಹಾಕಬ್ಯಾಡ್ರಿ, ಬ್ಯಾಟರಿ ಅಂಗಡಿಗಿ ಕೊಡ್ರಿ. ಅಂಗಡಿಯಿಂದ ಅದೇ ಅಳತಿದು ಹೊಸಾದು ತಂದು ಹಾಕಿದ್ವಿ. ಫ್ಯಾನು ಗಿರ್ರ್ ಅಂತು! ನನಗ ಕುಂತಲ್ಲೇ ಎದ್ದು ನಿಲ್ಲೋಷ್ಟು ಖುಷಿ.

ಆದ್ರ ಮರುದಿನ ಮತ್ತ ಮೆತ್ತಗ ಆಯ್ತು. ರಾತ್ರಿ ಎಲ್ಲಾ ಚಾರ್ಜಿಗಿ ಇಟ್ರೂ ಬ್ಯಾಟರಿ ತುಂಬಿರಲಿಲ್ಲ. ಚಾರ್ಜರ್ ಛಲೋ ಅದ, ಬ್ಯಾಟರಿ ಹೊಸಾದು. ಹಂಗಾದ್ರ ನಡುವ ಎಲ್ಲೋ ದಾರಿ ಕಡದದ. ಪೆಟಗಿ ಬಿಚ್ಚಿ ನೋಡಿದೆ. ಚಾರ್ಜರ್ ಪಿನ್ ಚುಚ್ಚೋ ಸಾಕೆಟ್ ಅದಲ್ಲ, ಅದರ ಹಿಂದ ಎರಡು ವೈರ್ ಬೆಸುಗಿ ಹಾಕಿರ್ತಾರ. ಒಂದರ ಬೆಸುಗಿ ಬಿಟ್ಟು ವೈರ್ ಸುಮ್ಮನ ಆತಕೊಂಡು ನಿಂತಿತ್ತು. ನೋಡಲಾಕ ಹತ್ತಿದಂಗೇ ಕಾಣತದ. ಬಟ್ಟೀಲೆ ಮುಟ್ಟಿದ್ರ ಅಲ್ಲಾಡತದ. ದಿನಾ ಪಿನ್ ಚುಚ್ಚಿ ಜಗ್ಗಿ ಜಗ್ಗಿ ಬಿಟ್ಟಿರಬೇಕು. ಬುಡಕ್ಕ ಧಗಿನೂ ಇರ್ತದ, ವೈರಿನ ಮ್ಯಾಲಿನ ಪ್ಲಾಸ್ಟಿಕ್ ಒಣ ಹುಣಸಿ ಸಿಪ್ಪಿ ಹಂಗ ಪುಡಿ ಪುಡಿ ಆಗಿತ್ತು.

ಸ್ಟೇಷನ್ ಕಡಿ ರೇಡಿಯೋ ರಿಪೇರಿ ಮಾಡೋ ಒಬ್ಬ ಅಜ್ಜಾರ ಹತ್ತಿರ ಒಯ್ದೆ. ಕನ್ನಡಕ ಏರಿಸಿ ನೋಡಿದ್ರು. ಹಳೇ ಬೆಸುಗಿ ತಗದು, ಹೊಸ ವೈರ್ ಹಾಕಿ, ಎರಡು ನಿಮಿಷದಾಗ ಬೆಸುಗಿ ಹಾಕಿದ್ರು. "ಇಪ್ಪತ್ತು ರೂಪಾಯಿ ಕೊಡವ್ವ" ಅಂದ್ರು. ಪಿನ್ ಜಗ್ಗಬ್ಯಾಡ, ಸಾಕೆಟ್ ಒತ್ತಿ ಹಿಡದು ತಗಿ ಅಂತ ಹೇಳಿಕೊಟ್ರು.

ನಾನು ಸ್ವಲ್ಪ ಹೊತ್ತು ಅಲ್ಲೇ ಬಾಕಿನ ಮ್ಯಾಲ ಕುಂತೆ. ಅವತ್ತು ಶ್ರಾವಣದಾಗ ಕೆಟ್ಟದ್ದು ಇದೇ ಇರಬೇಕು. ಬ್ಯಾಟರಿ ಆವಾಗ ಸತ್ತಿರಲಿಲ್ಲ, ಹಸದಿತ್ತು. ರಾತ್ರಿ ಎಲ್ಲಾ ಚಾರ್ಜರಿನ ದೀಪ ಹತ್ತಿತ್ತು, ಅನ್ನ ಒಳಗ ಹೋಗಿರಲಿಲ್ಲ ಅಷ್ಟ. ಅತ್ತಿ ಆಮ್ಯಾಲ ಎಂಟು ವರ್ಷ ಊದಗೊಳವಿ ಊದಿದ್ರು. ಕಡೀ ಎರಡು ವರ್ಷ ರಾತ್ರಿ ಮಲಗಲಾಕ ಆಗದ ಗ್ವಾಡಿಗಿ ಆತು ಕುಂತಿರ್ತಿದ್ರು. 2019ರಾಗ ಹೋದ್ರು. ಬರೀ ಒಲಿಯಿಂದ ಹಂಗ ಆಯ್ತು ಅಂತ ನಾನು ಹೇಳಲ್ಲ. ಆದ್ರ ಮನಿಯೊಳಗಿನ ಹೊಗಿಯಿಂದ 2020ರ ಒಂದೇ ವರ್ಷದಾಗ ಜಗತ್ತಿನಾಗ ಸುಮಾರು 32 ಲಕ್ಷ ಮಂದಿ ಸತ್ತಾರ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟದ. ಅದರಾಗ ಇಪ್ಪತ್ತು ರೂಪಾಯಿ ಬೆಸುಗಿ ಸಿಗದವರು ಎಷ್ಟು ಮಂದಿ ಇದ್ದಾರೋ ಅಂತ ಅನಸತದ.

ತಪ್ಪು ಯಾರದು?

ಸುಧಾರಿತ ಒಲಿ ಯಾಕ ನಡೀಲಿಲ್ಲ ಅಂತ ಮಾತು ಬಂದಾಗೆಲ್ಲಾ, "ಹಳ್ಳಿ ಹೆಣಮಕ್ಕಳಿಗಿ ಹಳೇ ಒಲಿನೇ ಬೇಕು, ಹೊಸಾದು ಕಲೀಲಾಕ ಮನಸಿಲ್ಲ" ಅನ್ನೋ ಮಾತು ನಾನು ಬಾಳ ಸಲ ಕೇಳೀನಿ. ಇತಿಹಾಸ ನೋಡಿದ್ರ ಹಂಗ ಅನಸಲ್ಲರಿ. ಸ್ವೀಡನ್ನಿನ ಪಂಪ್ ಸ್ಟೋ ನಮ್ಮವರು ಕಲೀಲಿಲ್ಲೇನು? ಅದರ ಪಿನ್ನು, ವಾಷರು ಕಿರಾಣಿ ದುಕಾನದಾಗ ಸಿಗತಿತ್ತು, ಬಿಚ್ಚಿ ಕೂಡಿಸೋದು ಅಕ್ಕಪಕ್ಕದವರು ಹೇಳಿಕೊಡತಿದ್ರು. ಅದಕ್ಕ ಅದು ಎರಡು ತಲಿಮಾರು ಬಾಳಿತು. ಅಸ್ತ್ರ ಒಲಿ ಕೊಳವಿ ಮಸಿ ತಗಿಯೋ ಕೆಲಸ ಯಾರದು ಅಂತ ನಿಕ್ಕಿ ಆಗಲಿಲ್ಲ, ಎಷ್ಟೋ ಮನ್ಯಾಗ ಅದು ಮೂಲಿ ಸೇರಿತು. ಫ್ಯಾನಿನ ಒಲಿ ಎಲ್ಲಕ್ಕಿಂತ ಶಾಣ್ಯಾ ಒಲಿ. ಆದ್ರ ಅದು ನಾಕು ಮಂದಿ ಹೆಗಲ ಮ್ಯಾಲ ನಿಂತಿತ್ತು: ಗುಳಿಗಿ ಕೊಡವರು, ಕರೆಂಟು ಕೊಡವರು, ಬ್ಯಾಟರಿ ಮಾರವರು, ರಿಪೇರಿ ಮಾಡವರು. ನಾಕರಾಗ ಒಬ್ಬರು ಸರದ್ರೂ ಹೊಗಿ ತಿರಗಿ ನಮ್ಮ ಎದಿಗಿ.

ಇನ್ನೊಂದು ಮಜಾ ನೋಡ್ರಿ. 2021ರ ಅಕ್ಟೋಬರಿನಾಗ ಕೇಂದ್ರ ಸರ್ಕಾರ ಕಲ್ಲಿದ್ದಲಿನ ವಿದ್ಯುತ್ ಕೇಂದ್ರಗಳು ಶೇಕಡಾ 5ರಷ್ಟು ಬೆಳಿ ಕಸದ ಗುಳಿಗಿ ಕೂಡಿಸಿ ಸುಡಬೇಕು ಅಂತ ನಿಯಮ ಮಾಡ್ತು. ಅಂದ್ರ ನಮ್ಮ ಒಲಿಗಿ ಸಿಗದ ಗುಳಿಗಿ ಈಗ ಕರೆಂಟು ಮಾಡಲಾಕ ಹೋಗ್ತದ. ಆ ಕರೆಂಟು ತಂತಿ ಹಿಡದು ನಮ್ಮ ಊರಿಗಿ ಬರ್ತದ. ಬರ್ಲಿ, ಛಲೋನೇ. ಆದ್ರ ಹೊಲದಾಗ ನಮ್ಮ ಕೈಲೇ ಕಡಿದ ತೊಗರಿ ಕಟಗಿಗಿ ಅದು ಬಾಳ ಸುತ್ತಿನ ದಾರಿ ಅನಸತದ.

ಈಗ ಆ ಒಲಿ ನಮ್ಮ ಹಿತ್ತಲದಾಗ ಅದ. ಅಡಗಿ ಎಲ್ಲಾ ಗ್ಯಾಸಿನ ಮ್ಯಾಲೇ. ಐತವಾರಕ್ಕೊಮ್ಮಿ ತೊಗರಿ ಕಟಗಿ ಬಟ್ಟಿನಷ್ಟು ಮುರಿದು ತುಂಬಿ ನೀರು ಕಾಯಸ್ತೀನಿ, ಮನಸಾದ್ರ ನಾಕು ರೊಟ್ಟಿ ಬಡೀತೀನಿ. ತಿಂಗಳಿಗಿ ಎರಡು ಸಲ ಬ್ಯಾಟರಿ ಚಾರ್ಜ್ ಮಾಡ್ತೀನಿ, ಉರಿಸ್ಲಿ ಬಿಡ್ಲಿ. ಪಿನ್ ತಗಿಯೋ ಮುಂದ ಸಾಕೆಟ್ ಒತ್ತಿ ಹಿಡೀತೀನಿ. ಸೊಸಿಗಿ ಕರದು ಪೆಟಗಿ ಬಿಚ್ಚಿ ಯಾವ ವೈರ್ ಎಲ್ಲಿಗಿ ಹೋಗ್ತದ ಅಂತ ತೋರಿಸೀನಿ. ನಮ್ಮ ಅತ್ತಿ ನನಗ ಪಂಪ್ ಸ್ಟೋದ ವಾಷರ್ ಹಾಕಲಾಕ ಕಲಿಸಿದಂಗ.

ನಿಮ್ಮ ಅಟ್ಟದ ಮ್ಯಾಲೂ ಇಂಥಾದ್ದು ಒಂದು ಇದ್ರ ಗುಜರಿಗಿ ಹಾಕೋ ಮೊದಲ ಒಂದು ಸಲ ಬಿಚ್ಚಿ ನೋಡ್ರಿ. ವೈರ್ ಹತ್ತಿದಂಗ ಕಂಡ್ರ ಸಾಲಲ್ಲ, ಮುಟ್ಟಿ ನೋಡ್ರಿ.